ಪದ ಪರಿಚಯ: ಲಾಕಪ್ಪಿನಲ್ಲಿ ‘ವಲಸೆ ಬಂಧನ’

‘ಬಂಧನ’ ಅಂದ ಕೂಡಲೇ ನಮಗೆ ಎಫ್‌ಐಆರ್, ಆರೋಪ, ಕೋರ್ಟು ನೆನಪಾಗುತ್ತವೆ. ವಲಸೆ ಬಂಧನಕ್ಕೆ ಈ ಮೂರೂ ಬೇಕಿಲ್ಲ. ವೀಸಾ ಮುಗಿದವರು, ವೀಸಾದ ಷರತ್ತು ಮೀರಿದ್ದಾರೆಂದು ಸರ್ಕಾರ ಹೇಳುವವರು, ಆಶ್ರಯ ಕೇಳಿ ಬಂದವರು ಇದರಡಿ ಬರುತ್ತಾರೆ. ಅವರನ್ನು ವಾಪಸು ಕಳಿಸುವ ತನಕ ಅಥವಾ ಅವರ ಅರ್ಜಿ ಇತ್ಯರ್ಥವಾಗುವ ತನಕ ಕೂಡಿಹಾಕುವ ಆಡಳಿತ ಕ್ರಮ ಇದು. ಕಾನೂನಿನ ಕಣ್ಣಲ್ಲಿ ಶಿಕ್ಷೆಯಲ್ಲ. ತುರ್ತುಪರಿಸ್ಥಿತಿಯಲ್ಲಿ ಮೀಸಾ ಅಡಿ (ವಿಚಾರಣೆಯಿಲ್ಲದೆ ಬಂಧಿಸಲು ಬಿಡುತ್ತಿದ್ದ ಕಾಯಿದೆ) ಒಳಗಿಟ್ಟವರ ವಿಚಾರದಲ್ಲಿ ಬಳಕೆಯಾದ ‘ಸ್ಥಾನಬದ್ಧತೆ’ ಎಂಬ ಹಳೆಯ ಪದ ಇದಕ್ಕೆ ಹೆಚ್ಚು ಹತ್ತಿರ. ಪತ್ರಿಕೆಗಳ ‘ಗಡಿಪಾರು’ ಗೊಂದಲ ಹುಟ್ಟಿಸುತ್ತದೆ: ರೌಡಿಯನ್ನು ಜಿಲ್ಲೆಯಿಂದ ಹೊರಹಾಕುವುದಕ್ಕೂ ಅದೇ ಪದ, ವಿದೇಶಿಯನ್ನು ದೇಶದಿಂದ ಹೊರಹಾಕುವುದಕ್ಕೂ ಅದೇ.

ಇಂಥವರನ್ನು ಇಡಬೇಕಾದದ್ದು ಅದಕ್ಕೆಂದೇ ಕಟ್ಟಿದ ಕೇಂದ್ರದಲ್ಲಿ. ಆದರೆ ಎಷ್ಟೋ ಜನ ಮೊದಲ ರಾತ್ರಿ ಕಳೆಯುವುದು ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿ. ಬ್ರಿಟನ್ನಿನ ಪದ್ಧತಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಓದಲು, ದುಡಿಯಲು ಅಲ್ಲಿಗೆ ಹೋದ ಕನ್ನಡಿಗರಿಗೂ ತಿಳಿದಿರಬೇಕಾದ ವಿಷಯ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧದ ಶಂಕೆಯಲ್ಲಿ ಹಿಡಿದವರಿಗೆ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯಿದೆ ಗಡುವು ಹಾಕಿದೆ. ಆರೋಪ ಹೊರಿಸದೆ ಇಡಬಹುದಾದದ್ದು 24 ಗಂಟೆ. ಗಂಭೀರ ಪ್ರಕರಣವಾದರೆ ಸೂಪರಿಂಟೆಂಡೆಂಟ್ ಅದನ್ನು 36ಕ್ಕೆ ಏರಿಸಬಹುದು, ಮ್ಯಾಜಿಸ್ಟ್ರೇಟರು 96ರವರೆಗೆ. ನಡುವೆ ಮೊದಲು 6 ಗಂಟೆಗೆ, ಆಮೇಲೆ 9 ಗಂಟೆಗೊಮ್ಮೆ, ಇವರನ್ನು ಇನ್ನೂ ಇಡಬೇಕೇ ಎಂದು ತನಿಖೆಯಲ್ಲಿಲ್ಲದ ಅಧಿಕಾರಿ ಪರಿಶೀಲಿಸಬೇಕು. ಅದೇ ಕಾಯಿದೆಯ 51ನೇ ಕಲಂ ವಲಸೆ ಅಧಿಕಾರಿಗಳ ಅಧಿಕಾರವನ್ನು ಈ ಗಡುವಿನಿಂದ ಹೊರಗಿಟ್ಟಿದೆ. ಆ ಅಧಿಕಾರ ಮುಖ್ಯವಾಗಿ ಬರುವುದು 1971ರ ವಲಸೆ ಕಾಯಿದೆಯ ಎರಡನೇ ಮತ್ತು ಮೂರನೇ ಅನುಸೂಚಿಗಳಿಂದ.

ಆಗುವುದು ಹೀಗೆ. ಸಣ್ಣದೊಂದು ಜಗಳದ ದೂರಿನ ಮೇಲೆ ಒಬ್ಬರನ್ನು ಠಾಣೆಗೆ ತರುತ್ತಾರೆ. ಬೆರಳಚ್ಚು ಹಾಕಿದಾಗ ವೀಸಾ ಮುಗಿದದ್ದು ಗೊತ್ತಾಗಿ ಹೋಮ್ ಆಫೀಸಿಗೆ (ವಲಸೆಯನ್ನು ನೋಡಿಕೊಳ್ಳುವ ಬ್ರಿಟನ್ನಿನ ಗೃಹ ಇಲಾಖೆ) ಕರೆ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಜಗಳದ ವಿಚಾರದಲ್ಲಿ ಮುಂದಿನ ಕ್ರಮವಿಲ್ಲ ಎಂದು ಪೊಲೀಸರು ಕೈಬಿಡುತ್ತಾರೆ. ಬಾಗಿಲು ತೆರೆಯಬೇಕಾದ ಆ ಹೊತ್ತಿಗೆ ‘ಐಎಸ್ 91’ ಎಂಬ ನಮೂನೆ ಬಂದು ಕೂತಿರುತ್ತದೆ. ಅದು ಇವರನ್ನು ಇಟ್ಟುಕೊಳ್ಳಿ ಎಂದು ಹೋಮ್ ಆಫೀಸು ಠಾಣೆಗೆ ಕೊಡುವ ಅಧಿಕಾರಪತ್ರ. ಕೋಣೆಯೂ ಬೀಗವೂ ಅವೇ, ಕಾನೂನು ಮಾತ್ರ ಬೇರೆ. ಒಳಗಿರುವವರಿಗೆ ಬಹಳ ಸಲ ಈ ಬದಲಾವಣೆಯ ಅರಿವೇ ಇರುವುದಿಲ್ಲ. ಕಾರಣ ತಿಳಿಸುವ ‘ಐಎಸ್ 91ಆರ್’ ಎಂಬ ಇನ್ನೊಂದು ಹಾಳೆಯನ್ನು ಅವರ ಕೈಗೆ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಬೇಕು.

ಎಷ್ಟು ದಿನ? ಒಂದು ರಾತ್ರಿ ಸಾಮಾನ್ಯ. ಗರಿಷ್ಠ ಮಿತಿ ಸತತ 5 ದಿನ. ಅಷ್ಟರೊಳಗೆ ದೇಶದಿಂದ ಹೊರಕಳಿಸುವ ನಿರ್ದೇಶನ ಹೊರಟಿದ್ದರೆ 7 ದಿನ. ಇದು ಲಾಕಪ್ಪಿಗೆ ಮಾತ್ರ ಅನ್ವಯಿಸುವ ಮಿತಿ. ಆಮೇಲೆ ಹೀಥ್ರೂ ಬಳಿಯ ಹಾರ್ಮಂಡ್ಸ್‌ವರ್ತ್, ಗ್ಯಾಟ್ವಿಕ್ ಬಳಿಯ ಬ್ರೂಕ್ ಹೌಸ್‌ನಂಥ ಕೇಂದ್ರಕ್ಕೆ ಕಳಿಸಿದರೆ ವಯಸ್ಕರಿಗೆ ಅಲ್ಲಿ ಇಂತಿಷ್ಟೇ ದಿನ ಎಂಬ ಕಟ್ಟುನಿಟ್ಟಿನ ಗಡುವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ‘ಹರ್ದಿಯಾಲ್ ಸಿಂಗ್ ತತ್ವಗಳು’. ಡರ್ಹಮ್ ಜೈಲಿನಲ್ಲಿ ಕೂಡಿಹಾಕಿದ್ದ ಒಬ್ಬ ಭಾರತೀಯನ ಅರ್ಜಿಯ ಮೇಲೆ 1983ರಲ್ಲಿ ಬಂದ ತೀರ್ಪು ಅದು: ಕಳಿಸುವ ಉದ್ದೇಶವಿದ್ದರೆ ಮಾತ್ರ, ನ್ಯಾಯಸಮ್ಮತವಾದಷ್ಟು ಕಾಲ ಮಾತ್ರ ಇಡಬಹುದು, ಅಷ್ಟರಲ್ಲಿ ಕಳಿಸಲಾಗದೆಂದು ಕಂಡರೆ ಬಿಡಬೇಕು.

ಐದು ದಿನವೇ ಆದರೂ ಲಾಕಪ್ಪು ಯಾಕೆ ಸಲ್ಲದು? ಕೋಣೆಯನ್ನು ನೋಡಿ. ಪ್ಲಾಸ್ಟಿಕ್ ಹೊದಿಕೆಯ ತೆಳು ಹಾಸಿಗೆ, ಮೂಲೆಯಲ್ಲಿ ಕಮೋಡು, ಕರೆಗಂಟೆಯ ಗುಂಡಿ, ಮೇಲೆ ಕ್ಯಾಮೆರಾ, ಬಾಗಿಲಿನಲ್ಲಿ ಊಟ ತಳ್ಳುವ ಕಿಂಡಿ. ಬೆಲ್ಟು, ಶೂ ಲೇಸು ತೆಗೆದಿಟ್ಟಿರುತ್ತಾರೆ. 24 ಗಂಟೆಯಲ್ಲಿ ಎರಡು ಲಘು ಆಹಾರ, ಒಂದು ಪೂರ್ತಿ ಊಟ, ಗಂಟೆಗೊಮ್ಮೆ ಬಂದು ನೋಡುವುದು, ಸಾಧ್ಯವಾದರೆ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಬಯಲಿಗೆ ಬಿಡುವುದು: ಪೊಲೀಸ್ ಸಂಹಿತೆಯ ಈ ಕನಿಷ್ಠ ನಿಯಮಗಳು ವಲಸೆ ಬಂಧಿತರಿಗೂ ಸಲ್ಲುತ್ತವೆ. ಒಂದು ದಿನದ ಮಟ್ಟಿಗೆ ಇಷ್ಟು ಸಾಕೆಂದು ಮಾಡಿದ ಏರ್ಪಾಡು ಇದು. ನಾಲ್ಕನೆಯ ದಿನಕ್ಕೆ ಇದೇ ಕೋಣೆ ಮನುಷ್ಯನನ್ನು ಹಣ್ಣು ಮಾಡುತ್ತದೆ.

ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕೇಂದ್ರಗಳಿಗೆ 2001ರ ಬಂಧನ ಕೇಂದ್ರ ನಿಯಮಗಳಿವೆ. ಅವುಗಳಲ್ಲಿ 34ನೆಯದರ ಪ್ರಕಾರ 24 ಗಂಟೆಯೊಳಗೆ ವೈದ್ಯರ ತಪಾಸಣೆಯಾಗಬೇಕು. ಚಿತ್ರಹಿಂಸೆಗೆ ಒಳಗಾದವರು ಎಂಬ ಅನುಮಾನ ಬಂದರೆ 35ನೆಯದರ ಪ್ರಕಾರ ವೈದ್ಯರು ವರದಿ ಕಳಿಸಬೇಕು. ಬಿಡುಗಡೆಯ ದಾರಿ ತೆರೆಯುವುದು ಎಷ್ಟೋ ಸಲ ಆ ವರದಿಯೇ. ಪೊಲೀಸ್ ಲಾಕಪ್ಪಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ವಕೀಲರ ವಿಚಾರದಲ್ಲೂ ಇದೇ ತೊಡಕು: ಕೇಂದ್ರದಲ್ಲಿ ವಲಸೆ ಕಾನೂನು ಬಲ್ಲವರಿಂದ 30 ನಿಮಿಷದ ಉಚಿತ ಸಲಹೆ ಸಿಗುತ್ತದೆ, ಠಾಣೆಗೆ ಬರುವ ಸರದಿ ವಕೀಲರು ಸಾಮಾನ್ಯವಾಗಿ ಕ್ರಿಮಿನಲ್ ಕಾನೂನಿನವರು.

ಯುರೋಪಿನ ಅನುಭವವೂ ಇದನ್ನೇ ಹೇಳುತ್ತದೆ. ಗ್ರೀಸ್‌ನ ಲಾರಿಸಾ ಪೊಲೀಸರ ವಶದಲ್ಲಿ ಒಬ್ಬರನ್ನು ಸುಮಾರು ಮೂರು ತಿಂಗಳು ಇಟ್ಟ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ಅದು ಹೀನ ನಡವಳಿಕೆ ಎಂದು ತೀರ್ಪಿತ್ತಿತು. ಯುರೋಪಿಯನ್ ಒಕ್ಕೂಟದ 2008ರ ವಾಪಸಾತಿ ನಿರ್ದೇಶನದಲ್ಲೂ ವಿಶೇಷ ಕೇಂದ್ರವೇ ಮುಖ್ಯ ನಿಯಮ.

ನಮ್ಮಲ್ಲಿ? ಶಿಕ್ಷೆ ಮುಗಿಸಿ ವಾಪಸಾತಿಗೆ ಕಾಯುವ ವಿದೇಶಿಯರನ್ನು ಜೈಲಿನ ಹೊರಗೆ ಸೂಕ್ತ ಜಾಗದಲ್ಲಿಡಿ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಕರ್ನಾಟಕದಲ್ಲಿ ನೆಲಮಂಗಲ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವೇ ಕೇಂದ್ರವಾಯಿತು. 2020ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ವಿದೇಶಿಯರ ಬಂಧನದ ಬಗ್ಗೆ ವಿವರವಾದ ಮಾರ್ಗಸೂಚಿ ಕೊಟ್ಟಿತು. ಕೇಂದ್ರಕ್ಕೆ ಸೇರಿಸುವವರೆಗಿನ ಠಾಣೆಯ ಗಂಟೆಗಳ ಮೇಲೂ ಕಣ್ಣಿಡಬೇಕು ಎಂಬುದು ನಮ್ಮ ಅಭಿಪ್ರಾಯ.

ವಿದೇಶದಲ್ಲಿರುವವರಿಗೆ ಕೆಲವು ಮಾತು. ಮೊಬೈಲನ್ನು ಚೀಲದಲ್ಲಿ ಹಾಕಿ ಸೀಲ್ ಮಾಡುತ್ತಾರೆ, ನಂಬರುಗಳೆಲ್ಲ ಅದರೊಳಗೇ ಉಳಿಯುತ್ತವೆ. ಆದ್ದರಿಂದ ವಕೀಲರದ್ದೂ ಮನೆಯವರೊಬ್ಬರದ್ದೂ ನಂಬರು ಬಾಯಿಪಾಠ ಇರಲಿ. ದಿನನಿತ್ಯದ ಮಾತ್ರೆಯ ಹೆಸರು, ಪ್ರಮಾಣ ಎರಡನ್ನೂ ಒಳಗೆ ಹೋಗುವಾಗಲೇ ಬರೆಸಿ; ನಿಮಗೆ ಏನು ಅಪಾಯವಿದೆ ಎಂದು ಅಂದಾಜಿಸಿ ಠಾಣೆಯವರು ಮುಂದಿನ ಕೇಂದ್ರಕ್ಕೆ ಕಳಿಸುವ ಟಿಪ್ಪಣಿ ಅದರ ಮೇಲೆ ನಿಂತಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಭಾರತದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳಬಹುದು. ಹೋಮ್ ಆಫೀಸಿಗೆ ಜಾಮೀನು ಅರ್ಜಿ ಹಾಕಲು 401ನೇ ನಮೂನೆ ಇದೆ. ಅಪರಾಧದ ಶಂಕೆಯಲ್ಲಿ ಒಳಗೆ ಹೋದವರು ಕಸ್ಟಡಿ ದಾಖಲೆಯ ಪ್ರತಿಯನ್ನು ಹೊರಬಂದ 12 ತಿಂಗಳೊಳಗೆ ಕೇಳಿ ಪಡೆಯಬಹುದು. ಪೊಲೀಸರ ಲೆಕ್ಕ ಯಾವ ನಿಮಿಷಕ್ಕೆ ಮುಗಿಯಿತು, ವಲಸೆ ಬಂಧನ ಯಾವ ನಿಮಿಷಕ್ಕೆ ಶುರುವಾಯಿತು, ನಡುವೆ ಎಷ್ಟು ಹೊತ್ತು ಯಾವ ಅಧಿಕಾರವೂ ಇಲ್ಲದೆ ಇಟ್ಟುಕೊಂಡಿದ್ದರು ಎಂಬುದನ್ನು ತೋರಿಸಬಲ್ಲದ್ದು ಆ ದಾಖಲೆಯೇ.