ಬಳೆಗಿಂತ ಚಿಕ್ಕ ಉಂಗುರಕ್ಕಾಗಿ ಗೇರ್‌ಬಾಕ್ಸ್ ಇಳಿಸಿದ ಕಥೆ

ನಮ್ಮ ಹಳೆಯ ಅಂಬಾಸಿಡರ್ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ 'ಕರ್ರ್' ಅನ್ನತೊಡಗಿ ಆರು ತಿಂಗಳಾಗಿತ್ತು. ಬೆಳಗ್ಗೆ ಗಾಡಿ ತಣ್ಣಗಿದ್ದಾಗ ಇನ್ನೂ ಜಾಸ್ತಿ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಗೇರಿನ ಹಲ್ಲು ಸವೆದಿದೆ, ಹಲ್ಲಿಗೆ ಹಲ್ಲು ಕೂರ್ತಿಲ್ಲ. ಗಟ್ಟಿ ಎಣ್ಣೆ ಹಾಕಿಸಿ." ಮನೆಯ ಹಿರಿಯರೊಬ್ಬರು ಈ ಸಲ ಆಯುಧಪೂಜೆಗೆ ಕುಂಬಳಕಾಯಿ ಒಡೆಯದೇ ಇದ್ದದ್ದನ್ನು ನೆನಪಿಸಿದರು. ಪೂಜೆ ನಾನೂ ಮಾಡುತ್ತೇನೆ. ಆದರೆ ಗೇರ್‌ಬಾಕ್ಸಿನ ಸದ್ದಿಗೆ ಕಾರಣ ಗೇರ್‌ಬಾಕ್ಸಿನೊಳಗೇ ಇರುತ್ತದೆ. ಅದನ್ನು ಕಣ್ಣಾರೆ ನೋಡಬೇಕು ಅಂತ ಭಾವನನ್ನು ಕರೆದುಕೊಂಡು ಮನೆ ಶೆಡ್ಡಿನಲ್ಲೇ ಇಳಿಸಲು ಕೂತೆ.

ಇಳಿಸುವ ಕೆಲಸದಲ್ಲಿ ಜಾಣತನಕ್ಕಿಂತ ಎಚ್ಚರ ಮುಖ್ಯ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದೂ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡುವುದೂ ತಪ್ಪು, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಕಬ್ಬಿಣದ ಸ್ಟ್ಯಾಂಡೇ ಬೇಕು. ಪಾನಗಳ, ಅಂದರೆ ಸ್ಪ್ಯಾನರುಗಳ, ವಿಷಯವೂ ಹಾಗೇ. ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಆದ್ದರಿಂದ ಹಳೆಯ ಗಾಡಿಗಳಲ್ಲಿ ಬೋಲ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನ ಸುಮ್ನೆ ಕೂತ ಹಾಗೆ ಕಾಣುತ್ತದೆ. ಗಟ್ಟಿಯಾಗಿ ಎಳೆದಾಗ ಆ 0.3 ಮಿ.ಮೀ. ಸಂದಿಯಲ್ಲೇ ಬೋಲ್ಟಿನ ಮೂಲೆಗಳು ಉರುಟಾಗಿಬಿಡುತ್ತವೆ.

ಬ್ಯಾಟರಿ ಬಿಚ್ಚಿ, ಎಣ್ಣೆ ಇಳಿಸಿ, ಹಿಂದಿನ ಚಕ್ರಗಳ ಕಡೆಗೆ ತಿರುವು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಳಚುವ ಮೊದಲು ಜೋಡಣೆಗೆ ಗುರುತು ಹಾಕಿಕೊಂಡೆವು. ಎಂಜಿನ್ನಿನ ಹಿಂಭಾಗ ನಿಂತಿರುವುದೇ ಗೇರ್‌ಬಾಕ್ಸಿನ ಆಸರೆಯಿಂದ. ಹಾಗಾಗಿ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ (ಸಂಪ್) ಕೆಳಗೆ ಮರದ ಹಲಗೆ ಇಟ್ಟು ಇನ್ನೊಂದು ಜಾಕ್ ಕೊಟ್ಟೆವು. ಸಂಜೆಯ ಹೊತ್ತಿಗೆ ಗೇರ್‌ಬಾಕ್ಸ್ ನೆಲದ ಮೇಲಿತ್ತು.

ಮುಚ್ಚಳ ತೆಗೆದ ಕೂಡಲೇ ಎಲ್ಲರ ಊಹೆ ಸುಳ್ಳಾಯಿತು. ಎರಡನೇ, ಮೂರನೇ ಗೇರಿನ ಹಲ್ಲುಗಳು ಯಾವಾಗಲೂ ತಮ್ಮ ತಮ್ಮ ಜೋಡಿ ಚಕ್ರದ ಹಲ್ಲುಗಳಿಗೆ ಕೂಡಿಕೊಂಡೇ ಇರುತ್ತವೆ. ಗಾಡಿ ನ್ಯೂಟ್ರಲ್‌ನಲ್ಲಿದ್ದರೂ ಅಷ್ಟೇ. ಈ ಗೇರುಗಳನ್ನು ಹಾಕುವಾಗ ನಾವು ಆ ಹಲ್ಲಿಗೆ ಹಲ್ಲು ಸೇರಿಸುವುದೇ ಇಲ್ಲ! ಮೂರನೇ ಗೇರಿನ ಚಕ್ರ ತನ್ನ ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುತ್ತಿರುತ್ತದೆ. ಪಕ್ಕದಲ್ಲೊಂದು ಸ್ಲೀವ್ (ಶಾಫ್ಟನ್ನು ಸುತ್ತುವರಿದ, ಅತ್ತಿತ್ತ ಜಾರುವ ಬಳೆ) ಇದೆ, ಅದು ಶಾಫ್ಟಿನ ಜೊತೆಗೇ ತಿರುಗುತ್ತದೆ. ಗೇರ್ ಲಿವರ್ ಆ ಸ್ಲೀವನ್ನು ಸರಿಸಿ ಚಕ್ರದ ಪಕ್ಕೆಯಲ್ಲಿರುವ ಸಣ್ಣ ಹಲ್ಲುಗಳ ಮೇಲೆ ಕೂರಿಸುತ್ತದೆ. ಆಗ ಚಕ್ರವೂ ಶಾಫ್ಟೂ ಒಂದಾಗುತ್ತವೆ. 'ಕರ್ರ್' ಬರುವುದು ಇಲ್ಲಿಂದ.

ಯಾಕೆ ಬರುತ್ತದೆ? ಸ್ಲೀವ್ ನಿಮಿಷಕ್ಕೆ 1400 ಸುತ್ತು ತಿರುಗುತ್ತಿದೆ, ಚಕ್ರ 2000 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಓಡುವ ಬಸ್ಸನ್ನು ನಿಂತಲ್ಲಿಂದಲೇ ಹಿಡಿದರೆ ಕೈ ಕಿತ್ತುಬರುತ್ತದೆ, ಅಲ್ವಾ? ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದರೆ ಕಂಬಿ ಸಲೀಸಾಗಿ ಸಿಗುತ್ತದೆ. ಗೇರ್‌ಬಾಕ್ಸಿನಲ್ಲಿ ಆ ನಾಲ್ಕು ಹೆಜ್ಜೆ ಓಡುವುದು ಒಂದು ಹಿತ್ತಾಳೆ ಬಣ್ಣದ ಉಂಗುರ. ಅದರ ಹೆಸರು ಸಿಂಕ್ರೊ ರಿಂಗ್. ನನ್ನ ಅಂಗೈಯಲ್ಲಿ ಅದು ಮಕ್ಕಳ ಬಳೆಯ ಹಾಗೆ ಕೂತಿತ್ತು.

ಉಂಗುರದ ಒಳಮೈ ಕೊಳವೆಯ ಹಾಗೆ ನೇರವಾಗಿಲ್ಲ, ಸ್ವಲ್ಪ ಓರೆ. ಚಕ್ರದ ಪಕ್ಕೆಯಲ್ಲೂ ಅಷ್ಟೇ ಓರೆಯ ಶಂಕು. ಒಂದು ಸ್ಟೀಲ್ ಲೋಟದೊಳಗೆ ಇನ್ನೊಂದನ್ನು ಒತ್ತಿ ನೋಡಿ. ಮೆಲ್ಲಗೆ ಒತ್ತಿದರೂ ಗೋಡೆಗೆ ಗೋಡೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಓರೆ 7 ಡಿಗ್ರಿ ಇದ್ದರೆ, ಒತ್ತಿದ ಬಲದ ಸುಮಾರು 8 ಪಟ್ಟು ಬಲ ಗೋಡೆಗಳ ನಡುವೆ ಬೀಳುತ್ತದೆ. ಸೌದೆ ಸೀಳುವ ಬೆಣೆಯ ಲೆಕ್ಕವೂ ಇದೇ. ಓರೆ ತೀರಾ ಕಡಿಮೆಯಾದರೆ ಲೋಟಗಳು ಸಿಕ್ಕಿಕೊಂಡ ಹಾಗೆ ಉಂಗುರವೂ ಸಿಕ್ಕಿಕೊಳ್ಳುತ್ತದೆ. ಆ ಬಿಗಿತದ ಉಜ್ಜುವಿಕೆಯಿಂದ ಎರಡರ ವೇಗವೂ ಸಮವಾಗುತ್ತದೆ. ಅಲ್ಲಿಯವರೆಗೆ ಉಂಗುರದ ಅಂಚಿನ ಹಲ್ಲುಗಳು ಸ್ಲೀವಿಗೆ ಅಡ್ಡ ನಿಂತಿರುತ್ತವೆ, ಬಸ್ ನಿಲ್ಲುವ ತನಕ ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಇಟ್ಟ ಹಾಗೆ. ವೇಗ ಸಮವಾದ ಕ್ಷಣ ಕೈ ತೆಗೆಯುತ್ತದೆ. ಇಷ್ಟೆಲ್ಲ ನಡೆಯುವುದು ನಾವು ಲಿವರ್ ಸರಿಸುವ ಒಂದೇ ಗಳಿಗೆಯಲ್ಲಿ!

ಗಟ್ಟಿ ಎಣ್ಣೆಯ ಸಲಹೆ ಯಾಕೆ ತಪ್ಪು ಅನ್ನೋದು ಇಲ್ಲೇ ಗೊತ್ತಾಗುತ್ತದೆ. ಉಂಗುರದ ಒಳಮೈಯಲ್ಲಿ ಸ್ಕ್ರೂ ಮೇಲಿರುವಂಥ ಸಣ್ಣ ಗೆರೆಗಳಿವೆ. ಎಣ್ಣೆಯ ಪದರವನ್ನು ಕತ್ತರಿಸಿ ಲೋಹಕ್ಕೆ ಲೋಹ ತಾಗಿಸುವುದು ಅವುಗಳ ಕೆಲಸ. ನಮ್ಮ ಉಂಗುರದಲ್ಲಿ ಆ ಗೆರೆಗಳು ಸವೆದು ನುಣ್ಣಗಾಗಿದ್ದವು. ಉಗುರಿನಿಂದ ಕೆರೆದರೂ ಏನೂ ತಡೆಯುತ್ತಿರಲಿಲ್ಲ. ಶಂಕುವಿನ ಮೇಲಿಟ್ಟು ಒತ್ತಿದರೆ ಉಂಗುರ ಚಕ್ರದ ಪಕ್ಕೆಯ ಸಣ್ಣ ಹಲ್ಲುಗಳಿಗೇ ಹೋಗಿ ಅಂಟುತ್ತಿತ್ತು. ಹೊಸದನ್ನು ಇಟ್ಟರೆ ನಡುವೆ ಒಳ್ಳೆಯ ಸಂದು ಉಳಿಯುತ್ತಿತ್ತು. ನುಣುಪಾದ ಉಂಗುರಕ್ಕೆ ಎಣ್ಣೆ ಗಟ್ಟಿಯಾದಷ್ಟೂ ಹಿಡಿತ ಕಡಿಮೆ. ಬೆಳಗಿನ ತಂಪಿನಲ್ಲಿ ಸದ್ದು ಜಾಸ್ತಿಯಾಗುತ್ತಿದ್ದದ್ದು ಅದಕ್ಕೇ. ಕಂಪನಿ ಹೇಳಿದ ಎಣ್ಣೆ ಬಿಟ್ಟು ಬೇರೇನೂ ಹಾಕಬೇಡಿ, ದಯವಿಟ್ಟು.

ಈ ಉಂಗುರ ಇಲ್ಲದೆಯೂ ಜಗತ್ತು ಬಹಳ ಕಾಲ ಓಡಿತು. ಪ್ಯಾರಿಸ್ಸಿನ ಪನಾರ್ ಎ ಲೆವಸೋರ್ ಕಂಪನಿ 1891ರ ಹೊತ್ತಿಗೆ ಕಾರಿಗೆ ಜಾರುವ ಗೇರುಗಳನ್ನು ಕೂರಿಸಿತ್ತು. ಅಲ್ಲಿ ನಿಜವಾಗಿಯೂ ಹಲ್ಲಿಗೆ ಹಲ್ಲನ್ನೇ ತುರುಕಬೇಕಿತ್ತು. ನಮ್ಮಲ್ಲಿನ ತಪ್ಪು ತಿಳಿವಳಿಕೆ ಬಹುಶಃ ಆ ಕಾಲದಿಂದಲೇ ಉಳಿದು ಬಂದದ್ದು. ಅಮೆರಿಕದ ಅರ್ಲ್ ಥಾಂಪ್ಸನ್ ಕಂಡುಹಿಡಿದ, ವೇಗ ಸಮ ಮಾಡುವ ಈ ಏರ್ಪಾಡು (ಸಿಂಕ್ರೊಮೆಶ್) 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಬಂತು. ನಮ್ಮ ಹಳೆಯ ಬಸ್, ಲಾರಿ ಡ್ರೈವರುಗಳು ಅದಿಲ್ಲದೆ ಡಬಲ್ ಕ್ಲಚ್ ಹೊಡೆದೇ, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್ ತುಳಿದೇ, ಘಾಟಿ ಇಳಿದವರು. ಉಂಗುರದ ಕೆಲಸವನ್ನು ಅವರ ಕಿವಿ ಮತ್ತು ಕಾಲು ಮಾಡುತ್ತಿದ್ದವು. ಅದು ದೊಡ್ಡ ವಿದ್ಯೆ.

ಗೇರ್‌ಬಾಕ್ಸ್ ಮತ್ತೆ ಏರಿಸುವಾಗ ನಾವು ಒಂದು ದಿನ ಕಳೆದುಕೊಂಡೆವು. ಹೇಗೂ ಇಳಿಸಿದ್ದೇವಲ್ಲ ಅಂತ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಪ್ಲೇಟನ್ನೂ ಬದಲಿಸಿದ್ದೆವು. ಗೇರ್‌ಬಾಕ್ಸಿನ ಮೂತಿಯಲ್ಲಿರುವ ಕ್ಲಚ್ ಶಾಫ್ಟ್ ಈ ಪ್ಲೇಟಿನ ನಡುವಿನ ತೂತನ್ನು ದಾಟಿ, ಆಚೆ ಎಂಜಿನ್ನಿನಲ್ಲಿರುವ ಬುಷ್ ಎಂಬ ಸಣ್ಣ ಕೊಳವೆಯೊಳಗೆ ಕೂರಬೇಕು. ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಬಿಗಿದ ಮೇಲೆ ಕ್ಲಚ್ ಪ್ಲೇಟ್ ಇದ್ದಲ್ಲೇ ಸಿಕ್ಕಿಹೋಗುತ್ತದೆ. ಅದು ಎರಡು ಮಿ.ಮೀ. ಕೆಳಗೆ ಜಾರಿದ್ದರೂ ಶಾಫ್ಟ್ ಒಳಗೆ ಹೋಗುವುದಿಲ್ಲ. ಇಂಥ ಹೊತ್ತಿನಲ್ಲಿ ಬೋಲ್ಟ್ ಬಿಗಿದು ಎಳೆಯೋಣ ಅನ್ನಿಸುತ್ತದೆ. ಎಳೆದರೆ ಗೇರ್‌ಬಾಕ್ಸಿನ ಹೊರಕವಚ (ಹೌಸಿಂಗ್) ಸೀಳಬಹುದು. ಅರ್ಧ ಕೂತ ಗೇರ್‌ಬಾಕ್ಸನ್ನು ಆಸರೆಯಿಲ್ಲದೆ ಶಾಫ್ಟಿನ ಮೇಲೆ ತೂಗಬಿಟ್ಟರೆ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ.

ಪ್ರೆಷರ್ ಪ್ಲೇಟ್ ಸಡಿಲಿಸಿ, ಪರಿಚಯದ ಮೆಕ್ಯಾನಿಕ್ ಒಬ್ಬರು ಕೊಟ್ಟ ಹಳೆಯ ಕ್ಲಚ್ ಶಾಫ್ಟನ್ನೇ ತೂರಿಸಿ, ಪ್ಲೇಟನ್ನು ಸರಿಯಾಗಿ ನಡುವಿಗೆ ತಂದೆವು. ಮತ್ತೆ ಬಿಗಿದು ಗೇರ್‌ಬಾಕ್ಸ್ ಎತ್ತಿದೆವು. ಭಾವ ಹಿಂದಿನಿಂದ ಔಟ್‌ಪುಟ್ ಶಾಫ್ಟನ್ನು ಮೆಲ್ಲಗೆ ತಿರುಗಿಸಿದರು. ಹೆಚ್ಚು ಒತ್ತದೆಯೇ ಗೇರ್‌ಬಾಕ್ಸ್ ಮುಂದೆ ಜಾರಿ ಎಂಜಿನ್ನಿಗೆ ಒರಗಿತು.

ಈಗ ಮೂರನೇ ಗೇರ್ ಸದ್ದಿಲ್ಲದೆ ಬೀಳುತ್ತದೆ. ಮೊದಲ ಗೇರಿಗೆ ಮಾತ್ರ ಅಪ್ಪ ಕಲಿಸಿದ ಹಾಗೆ ಕಾರನ್ನು ಪೂರ್ತಿ ನಿಲ್ಲಿಸಿಯೇ ಹಾಕುತ್ತೇನೆ. ಈ ಗೇರ್‌ಬಾಕ್ಸಿನಲ್ಲಿ ಅದು ಇವತ್ತಿಗೂ ಜಾರುವ ಗೇರ್. ಅಲ್ಲಿ ಉಂಗುರ ಇಲ್ಲ.