ಬೆಳಕಿನ ಚಿಕಿತ್ಸೆಯ ದೀಪದಿಂದ ಮುಖ ಕಪ್ಪಾಗುತ್ತದೆಯೇ?

ಪ್ರಶ್ನೆ: ಖಿನ್ನತೆಗೆಂದು 10,000 ಲಕ್ಸ್‌ನ ದೀಪದ ಮುಂದೆ ದಿನವೂ ಬೆಳಿಗ್ಗೆ ಅರ್ಧ ಗಂಟೆ ಕೂರುವಂತೆ ವೈದ್ಯರು ಸೂಚಿಸಿದ್ದಾರೆ. ಅಷ್ಟು ಪ್ರಖರವಾದ ಬೆಳಕಿಗೆ ಮುಖ ಕಪ್ಪಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಇದನ್ನು ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೂ ಅದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಬರುತ್ತದೆ. ಕೆಲವರು ಕಪ್ಪಾಗುವ ಭಯದಿಂದ ಕೇಳುತ್ತಾರೆ. ಇನ್ನು ಕೆಲವರು, ಹೇಗೂ ಕುಳಿತಿದ್ದೇವಲ್ಲ, ವಿಟಮಿನ್ ಡಿ ಆದರೂ ಸಿಕ್ಕೀತೇ ಎಂಬ ಆಸೆಯಿಂದ ಕೇಳುತ್ತಾರೆ. ಭಯಕ್ಕೂ ಆಸೆಗೂ ಬೇರು ಒಂದೇ: ಬೆಳಕು ಪ್ರಖರವಾದಷ್ಟೂ ಅದು ಬಿಸಿಲಿನ ಗುಣವನ್ನು ಪಡೆಯುತ್ತದೆ ಎಂಬ ನಂಬಿಕೆ. ಈ ಸಲ ಆ ಬೇರನ್ನೇ ಕೀಳೋಣ.

ಲಕ್ಸ್ ಎಂಬುದು ಚರ್ಮಕ್ಕೆ ಸಂಬಂಧಿಸಿದ ಅಳತೆಯೇ ಅಲ್ಲ. ಮನುಷ್ಯನ ಕಣ್ಣಿಗೆ ಎಷ್ಟು ಬೆಳಕು ಕಾಣುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. 555 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಅಲೆಯ ಉದ್ದದ) ಆಸುಪಾಸಿನ ಹಸಿರು ಬೆಳಕಿಗೆ ಕಣ್ಣು ಅತಿ ಹೆಚ್ಚು ಸ್ಪಂದಿಸುವುದರಿಂದ ಆ ಲೆಕ್ಕದಲ್ಲಿ ಅದಕ್ಕೆ ಹೆಚ್ಚು ಬೆಲೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣಕ್ಕೆ ಸೊನ್ನೆ. ಚರ್ಮವನ್ನು ಸುಡುವುದೂ ವಿಟಮಿನ್ ಡಿ ಹುಟ್ಟಿಸುವುದೂ ಮುಖ್ಯವಾಗಿ 280ರಿಂದ 315 ನ್ಯಾನೋಮೀಟರ್‌ವರೆಗಿನ ನೇರಳಾತೀತ ಬಿ ಕಿರಣ. ಆದ್ದರಿಂದ ಬರೀ ಈ ಕಿರಣವನ್ನೇ ಸೂಸುವ ದೀಪವೊಂದಿದ್ದರೆ, ಲಕ್ಸ್ ಮಾಪಕ ಸೊನ್ನೆ ತೋರಿಸುತ್ತಿರುವಾಗಲೇ ಅದು ಮೈ ಸುಟ್ಟೀತು. ಆ ಕಿರಣವನ್ನು ಸೋಸಿದ ದೀಪ 10,000 ತೋರಿಸಿದರೂ ಚರ್ಮಕ್ಕೆ ಬಿಸಿಲಿನ ಪಾಲು ಬರುವುದಿಲ್ಲ. ಖಿನ್ನತೆಯ ಚಿಕಿತ್ಸೆಗೆಂದು ಸರಿಯಾಗಿ ತಯಾರಾದ ದೀಪ ಈ ಎರಡನೆಯ ಜಾತಿಯದು. ಅಂದಹಾಗೆ, ನೆತ್ತಿಯ ಮೇಲಿನ ಸೂರ್ಯನ ಬೆಳಕು ಸುಮಾರು 1,00,000 ಲಕ್ಸ್. ಮೋಡ ಕವಿದ ಹಗಲಿನ ಬಯಲಿನಲ್ಲೂ 10,000 ಲಕ್ಸ್ ಇರುವುದುಂಟು. ಈ ಸಂಖ್ಯೆಗೆ ಅಷ್ಟೊಂದು ಹೆದರಬೇಕಾಗಿಲ್ಲ.

ನನ್ನ ಬಳಿ ಬಿಸಿಲಿಗೆ ಹೋದರೆ ತಾನೇ ಕಪ್ಪಾಗುವ ಕನ್ನಡಕವಿದೆ. ಅದರ ಗಾಜಿನಲ್ಲಿರುವ ರಾಸಾಯನಿಕ ಎಚ್ಚರಗೊಳ್ಳುವುದು ಮುಖ್ಯವಾಗಿ ನೇರಳಾತೀತ ಕಿರಣಕ್ಕೆ. ಒಮ್ಮೆ ಅದನ್ನು ಇಂಥದೊಂದು ದೀಪದ ಎದುರು ಅರ್ಧ ಗಂಟೆ ಇಟ್ಟೆ. ತೆಗೆದಾಗ ಇಟ್ಟಾಗಿನಷ್ಟೇ ತಿಳಿಯಾಗಿತ್ತು. ಹೊರಗೆ ತಂದ ಒಂದು ನಿಮಿಷದೊಳಗೆ ಹೊಗೆ ಹಿಡಿದಂತೆ ಮಂಕಾಯಿತು. ಇದು ಪ್ರಯೋಗಾಲಯದ ಪುರಾವೆಯಲ್ಲ, ಆದರೆ ಈ ಮಾತನ್ನು ನನ್ನ ಪ್ಯಾರಾಗಳಿಗಿಂತ ಚೆನ್ನಾಗಿ ಹೇಳುತ್ತದೆ.

ಹಾಗಾದರೆ ದೀಪ ಕೆಲಸ ಮಾಡುವುದು ಎಲ್ಲಿ? ಕಣ್ಣಿನಲ್ಲಿ. ಅಕ್ಷಿಪಟಲದ ಕೆಲವು ಕೋಶಗಳು ಬೆಳಕನ್ನು ಗ್ರಹಿಸಿ ಮಿದುಳಿನ ಗಡಿಯಾರಕ್ಕೆ ಹಗಲಾಯಿತೆಂದು ತಿಳಿಸುತ್ತವೆ. ಮೊಣಕಾಲಿನ ಹಿಂಭಾಗಕ್ಕೆ ಬೆಳಕು ಬಿಟ್ಟರೂ ಈ ಗಡಿಯಾರ ಸರಿಯುತ್ತದೆ ಎಂದು 1998ರಲ್ಲಿ ಒಂದು ಪ್ರಬಂಧ ಬಂದು ಗದ್ದಲವೆಬ್ಬಿಸಿತ್ತು. ಕಣ್ಣಿಗೆ ಬೆಳಕು ತಾಗದಂತೆ ಇನ್ನೂ ಕಟ್ಟುನಿಟ್ಟಾಗಿ ನೋಡಿದ 2002ರ ಅಧ್ಯಯನದಲ್ಲಿ ಅಂಥ ಪರಿಣಾಮವೇ ಕಾಣಲಿಲ್ಲ. ಆದ್ದರಿಂದ ಅಂಗಿಯ ತೋಳು ಮಡಚಿ, ಮೈ ಒಡ್ಡಿ ಕೂರುವವರಿಗೆ ಹೆಚ್ಚುವರಿ ಲಾಭವೇನೂ ಇಲ್ಲ.

ಈ ಗೊಂದಲಕ್ಕೆ ಓದುಗರನ್ನಷ್ಟೇ ದೂರಿ ಫಲವಿಲ್ಲ, ಏಕೆಂದರೆ ಫೋಟೋಥೆರಪಿ ಎಂಬ ಒಂದೇ ಹೆಸರನ್ನು ವೈದ್ಯರು ಹಲವು ದೀಪಗಳಿಗೆ ಹಂಚಿದ್ದಾರೆ. ಸೋರಿಯಾಸಿಸ್‌ಗೂ ತೊನ್ನಿಗೂ ಬಳಸುವ 311 ನ್ಯಾನೋಮೀಟರ್‌ನ ದೀಪ ನಿಜಕ್ಕೂ ಚರ್ಮವನ್ನು ಕಪ್ಪಾಗಿಸುತ್ತದೆ, ಪ್ರಮಾಣ ಮೀರಿದರೆ ಸುಡುತ್ತದೆ. ಅದಕ್ಕೇ ಅಲ್ಲಿ ಸೆಕೆಂಡುಗಳ ಲೆಕ್ಕದಿಂದ ಮೊದಲುಮಾಡುತ್ತಾರೆ. ಅಲ್ಲಿ ಮೈ ತೆರೆದು ಕಣ್ಣು ಮುಚ್ಚಬೇಕು. ಇಲ್ಲಿ ಮೈ ಮುಚ್ಚಿಕೊಂಡರೂ ನಡೆಯುತ್ತದೆ, ಕಣ್ಣು ಮಾತ್ರ ತೆರೆದಿರಬೇಕು.

ಎಚ್ಚರ ಬೇಕಾದವರೂ ಇದ್ದಾರೆ. ಗೋಚರ ಬೆಳಕಿನ ನೇರಳೆ-ನೀಲಿ ಭಾಗ ಕಂದು ಚರ್ಮದಲ್ಲಿ ಬಣ್ಣವನ್ನು ಗಾಢವಾಗಿಸಬಲ್ಲದು ಎಂಬುದು ನಿಜ, ಆದರೆ ಅದು ಕಂಡುಬಂದಿರುವುದು ಈ ದೀಪ ಕೊಡುವುದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ. ಮುಖದ ಮೇಲೆ ಬಂಗು ಇರುವವರು ಕಬ್ಬಿಣದ ಆಕ್ಸೈಡ್ ಬೆರೆತ, ಬಣ್ಣವಿರುವ ಸನ್‌ಸ್ಕ್ರೀನ್ ಹಚ್ಚಬಹುದು. ಹಚ್ಚಿದರೆ ಕಾಣದಂಥವು ಈ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಪೋರ್ಫೈರಿಯಾ ಅಥವಾ ಲೂಪಸ್‌ನಂಥ, ಬೆಳಕಿಗೆ ಚರ್ಮ ಕೆರಳಬಲ್ಲ ಕಾಯಿಲೆ ಇರುವವರು ಮತ್ತು ಬೆಳಕಿಗೆ ಚರ್ಮವನ್ನು ಸೂಕ್ಷ್ಮವಾಗಿಸುವ ಔಷಧ ಸೇವಿಸುವವರು ದೀಪ ಹಚ್ಚುವ ಮೊದಲೇ ವೈದ್ಯರಿಗೆ ಹೇಳಬೇಕು.

ಹೆಸರಿನ ಗೊಂದಲದ ಮಾತು ಬಂದಿದ್ದರಿಂದ, ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ಕಾಮಾಲೆಯಾದ ಹಸುಗೂಸನ್ನು ಮಲಗಿಸುವ ನೀಲಿ ದೀಪದಲ್ಲೂ ನೇರಳಾತೀತ ಕಿರಣದ ಕೆಲಸವಿಲ್ಲ. ಸುಮಾರು 460ರಿಂದ 490 ನ್ಯಾನೋಮೀಟರ್‌ನ ಆ ಬೆಳಕು ಚರ್ಮದ ಮೂಲಕ ತಲುಪಿ, ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಅಣುವಿನ ಆಕಾರವನ್ನೇ ತಿರುಚಿ, ಅದು ದೇಹದಿಂದ ಸುಲಭವಾಗಿ ಹೊರಹೋಗುವಂತೆ ಮಾಡುತ್ತದೆ. ಹೀಗೆ ಚರ್ಮದ ಹಳದಿ ಬೇಗ ಇಳಿಯುತ್ತದೆ, ರಕ್ತದ್ದು ಇಳಿಯಲು ತಡವಾಗುತ್ತದೆ. ಕೂಸು ತಿಳಿಯಾಗಿ ಕಂಡರೂ ಅದರ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವುದು ಇದೇ ಕಾರಣಕ್ಕೆ.