ಗ್ನ್ಯಾಟ್ ಪುಕ್ಕಟೆ ಸಿಗುವಾಗ ಗ್ನ್ಯಾಟ್ ಪ್ರೊಗೆ ದುಡ್ಡು ಯಾಕೆ ಕೊಡಬೇಕು?

ಪ್ರಶ್ನೆ: ನಮ್ಮದು ಸಣ್ಣ ತಂಡ. ಏಡಾ ಭಾಷೆಯಲ್ಲಿ ಬರೆದ ನಿಯಂತ್ರಣ ತಂತ್ರಾಂಶವೊಂದನ್ನು ಮಾರಾಟಕ್ಕೆ ತರುತ್ತಿದ್ದೇವೆ. ಏಡಾ ಕೋಡನ್ನು ಯಂತ್ರಕೋಡಾಗಿಸುವ ಕಂಪೈಲರ್ ಗ್ನ್ಯಾಟ್‌ನ ಪುಕ್ಕಟೆ ಪ್ರತಿ, ಗ್ನ್ಯಾಟ್ ಕಮ್ಯುನಿಟಿ 2021, ಅದನ್ನೇ ಈವರೆಗೆ ಬಳಸಿದ್ದೇವೆ. ಮಾರುವುದಾದರೆ ಗ್ನ್ಯಾಟ್ ಪ್ರೊ ಕೊಳ್ಳಲೇಬೇಕಾ? ಪುಕ್ಕಟೆ ಕಂಪೈಲರ್‌ನಲ್ಲಿ ಅಂಥದ್ದೇನು ಕಡಿಮೆ?

ಉತ್ತರ: ಕೊಳ್ಳಲೇಬೇಕೆಂದಿಲ್ಲ. ಆದರೆ ಕಮ್ಯುನಿಟಿ 2021ರಲ್ಲಿ ಕಟ್ಟಿದ ಬೈನರಿಯನ್ನು (ಓಡಿಸಬಲ್ಲ ಕಡತವನ್ನು) ಮಾತ್ರ ಹಾಗೇ ಮಾರಲು ಹೋಗಬೇಡಿ.

ಗ್ನ್ಯಾಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಸರಕುಗಳಿವೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ವಾಯುಪಡೆಯ ಹಣದಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕಂಪೈಲರ್ ಇದು. ಅದನ್ನು ಕಟ್ಟಿದವರೇ 1994ರಲ್ಲಿ ಏಡಾಕೋರ್ ಕಂಪನಿ ಶುರುಮಾಡಿದರು. 2001ರಲ್ಲಿ ಮೂಲ ಕೋಡು ಜಿಸಿಸಿ ಎಂಬ ಮುಕ್ತ ಕಂಪೈಲರ್ ಸಂಗ್ರಹದ ಭಂಡಾರಕ್ಕೆ ಸೇರಿತು. ಹಾಗಾಗಿ ಜಿಸಿಸಿಯ ಜೊತೆಗೆ ಬರುವ ಗ್ನ್ಯಾಟ್ ಒಂದು, ಏಡಾಕೋರ್ ಚಂದಾ ಪಡೆದು ಕೊಡುವ ಗ್ನ್ಯಾಟ್ ಪ್ರೊ ಇನ್ನೊಂದು. ಮೂರನೆಯದು ಅದೇ ಕಂಪನಿ ವರ್ಷಕ್ಕೊಮ್ಮೆ ಪುಕ್ಕಟೆ ಬಿಡುತ್ತಿದ್ದ ಕಟ್ಟು. ಮೊದಲು ಅದಕ್ಕೆ ಗ್ನ್ಯಾಟ್ ಜಿಪಿಎಲ್ ಎಂಬ ಹೆಸರಿತ್ತು, 2018ರಿಂದ ಕಮ್ಯುನಿಟಿ. 2021ರದ್ದೇ ಕೊನೆಯದು, ಆಮೇಲೆ ಬರಲಿಲ್ಲ.

ಮೂರೂ ನಿಮ್ಮ ಕೋಡನ್ನು ಹೆಚ್ಚುಕಡಿಮೆ ಒಂದೇ ರೀತಿ ಅನುವಾದಿಸುತ್ತವೆ. ವೇಗದಲ್ಲೋ ಸೌಲಭ್ಯದಲ್ಲೋ ಬೇಕೆಂದೇ ಕತ್ತರಿ ಹಾಕಿದ "ಟ್ರಯಲ್" ಪ್ರತಿ ಇವುಗಳಲ್ಲಿ ಯಾವುದೂ ಅಲ್ಲ. ವ್ಯತ್ಯಾಸ ಇರುವುದು ರನ್‌ಟೈಮ್ ಲೈಬ್ರರಿಯ ಪರವಾನಗಿಯಲ್ಲಿ. ಟಾಸ್ಕ್, ಎಕ್ಸೆಪ್ಶನ್, ಟೆಕ್ಸ್ಟ್ ಓದು-ಬರಹ ಇವನ್ನೆಲ್ಲ ನಡೆಸುವ ಕೋಡು ಆ ಲೈಬ್ರರಿಯಿಂದ ಬಂದು ನಿಮ್ಮ ಬೈನರಿಯೊಳಗೇ ಸೇರಿಕೊಳ್ಳುತ್ತದೆ. ಜಿಸಿಸಿಯ ಗ್ನ್ಯಾಟ್‌ನಲ್ಲೂ ಪ್ರೊನಲ್ಲೂ ಅದಕ್ಕೆ ಜಿಪಿಎಲ್ 3 (ಹಂಚಿದರೆ ಮೂಲ ಕೋಡನ್ನೂ ಕೊಡಬೇಕೆನ್ನುವ ಮುಕ್ತ ತಂತ್ರಾಂಶ ಪರವಾನಗಿ) ಜೊತೆ "ರನ್‌ಟೈಮ್ ಲೈಬ್ರರಿ ಎಕ್ಸೆಪ್ಶನ್ 3.1" ಎಂಬ ವಿನಾಯಿತಿ ಇದೆ; ನಿಮ್ಮ ಮೂಲ ಕೋಡನ್ನು ಮುಚ್ಚಿಟ್ಟುಕೊಂಡೇ ಮಾರಬಹುದು. ಕಮ್ಯುನಿಟಿ ಕಟ್ಟಿನಲ್ಲಿ ಆ ವಿನಾಯಿತಿ ಇಲ್ಲ, ಬರೀ ಜಿಪಿಎಲ್. ಅದರಲ್ಲಿ ಕಟ್ಟಿದ ಪ್ರೋಗ್ರಾಮನ್ನು ಹೊರಗಿನವರ ಕೈಗಿತ್ತರೆ ಇಡೀ ಪ್ರೋಗ್ರಾಮಿಗೆ ಜಿಪಿಎಲ್ ಅನ್ವಯಿಸುತ್ತದೆ, ಕೇಳಿದ ಗ್ರಾಹಕನಿಗೆ ಮೂಲ ಕೋಡು ಕೊಡಬೇಕಾಗುತ್ತದೆ. ನಿಮ್ಮ ಕಚೇರಿಯೊಳಗೆ ಮಾತ್ರ ಬಳಸಿಕೊಂಡರೆ ಈ ತಾಪತ್ರಯವಿಲ್ಲ.

ನಿಮ್ಮಲ್ಲಿರುವುದು ಯಾವುದೆಂದು ಊಹಿಸಬೇಡಿ, ನೋಡಿ. ಗ್ನ್ಯಾಟ್‌ಎಲ್‌ಎಸ್ (gnatls) ಆದೇಶಕ್ಕೆ ವರ್ಷನ್ ಕೇಳಿದರೆ "ಕಮ್ಯುನಿಟಿ 2021", "ಪ್ರೊ" ಅಥವಾ 13.2.0ರಂಥ ಬರಿಯ ಜಿಸಿಸಿ ಸಂಖ್ಯೆ ಕಾಣುತ್ತದೆ. ಅದನ್ನೇ ಮೈನಸ್ ವಿ (-v) ಜೊತೆ ಓಡಿಸಿದರೆ ರನ್‌ಟೈಮ್‌ನ ಮೂಲ ಕಡತಗಳು ಯಾವ ಫೋಲ್ಡರಿನಲ್ಲಿವೆ ಎಂದು ತಿಳಿಯುತ್ತದೆ. ಅಲ್ಲಿ ಒಂದೆರಡು ಎಡಿಬಿ (.adb, ಏಡಾ ಮೂಲ ಕೋಡಿನ) ಕಡತ ತೆರೆದು ತಲೆಬರಹ ಓದಿ: ಸೆಕ್ಷನ್ 7ರ ಅಡಿಯ ವಿಶೇಷ ವಿನಾಯಿತಿಯ ಪ್ಯಾರಾ ಇದ್ದರೆ ಸರಿ. ಕಮ್ಯುನಿಟಿ ಕಟ್ಟಿನ ಜೊತೆ ಇಳಿಸಿಕೊಂಡ ಬೇರೆ ಲೈಬ್ರರಿಗಳಿದ್ದರೆ ಅವುಗಳ ತಲೆಬರಹವನ್ನೂ ಬಿಡದೆ ಓದಿ. ಜನ ಎಡವುವುದು ಹೆಚ್ಚಾಗಿ ಅಲ್ಲೇ.

ಬದಲಿಸುವ ಕೆಲಸ ದೊಡ್ಡದೇನಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ ಗ್ನ್ಯಾಟ್ ಮತ್ತು ಯೋಜನೆ ಕಟ್ಟುವ ಉಪಕರಣ ಜಿಪಿಆರ್‌ಬಿಲ್ಡ್ ಪ್ಯಾಕೇಜುಗಳು ಆಪ್ಟ್ ಎಂಬ ಪ್ಯಾಕೇಜ್ ಮ್ಯಾನೇಜರ್ ಮೂಲಕ ಸಿಗುತ್ತವೆ. ವಿಂಡೋಸ್‌ಗೆ, ಅಥವಾ ಆರ್ಮ್ ಚಿಪ್ಪಿನ ಕ್ರಾಸ್ ಕಂಪೈಲರ್‌ಗೆ, ಅಲೈರ್ ಎಂಬ ಪ್ಯಾಕೇಜ್ ಮ್ಯಾನೇಜರ್ ಸುಲಭದ ದಾರಿ. ಹೊಸದನ್ನು ಹಾಕಿದ ಮೇಲೆ ಜಿಪಿಆರ್‌ಕ್ಲೀನ್ ಅನ್ನು ಮೈನಸ್ ಆರ್ (-r) ಜೊತೆ ಓಡಿಸಿ ಉಪಯೋಜನೆಗಳ ಹಳೆಯ ಆಬ್ಜೆಕ್ಟ್ ಕಡತಗಳನ್ನೂ ಕಂಪೈಲ್ ಮಾಹಿತಿಯ ಎಎಲ್ಐ ಕಡತಗಳನ್ನೂ ಅಳಿಸಿ. ಹಳತು ಹೊಸತು ಬೆರೆತರೆ, ಭಾಗಗಳ ಹೊಂದಾಣಿಕೆ ನೋಡುವ ಬೈಂಡರ್ "ಬೇರೆ ಬೇರೆ ಗ್ನ್ಯಾಟ್ ಆವೃತ್ತಿಗಳಲ್ಲಿ ಕಂಪೈಲ್ ಆಗಿವೆ" ಎಂದು ನಿಲ್ಲುತ್ತದೆ. ಅಷ್ಟಾದರೂ ಅದೇ ದೋಷ ಬಂದರೆ ಆದೇಶಗಳನ್ನು ಹುಡುಕುವ ಫೋಲ್ಡರುಗಳ ಪಾತ್ ಪಟ್ಟಿಯಲ್ಲಿ ಹಳೆಯ ಕಮ್ಯುನಿಟಿ ಫೋಲ್ಡರ್ ಇನ್ನೂ ಮುಂದಿದೆಯೇ ನೋಡಿ. ಎಚ್ಚರಿಕೆಗಳನ್ನು ದೋಷವೆಂದೇ ಎಣಿಸುವ ಸ್ವಿಚ್ ಹಾಕಿದ್ದರೆ ಹೊಸ ಕಂಪೈಲರ್‌ನ ಹೊಸ ಎಚ್ಚರಿಕೆಗಳಿಗೇ ಬಿಲ್ಡ್ ಮುರಿಯುತ್ತದೆ. ಮೊದಲ ಸುತ್ತಿಗೆ ಅದನ್ನು ತೆಗೆದಿಡಿ.

ಹಾಗಾದರೆ ಪ್ರೊಗೆ ಕೊಡುವ ದುಡ್ಡು ಯಾವುದಕ್ಕೆ? ಉತ್ತರ ಕೊಡಲು ಬದ್ಧನಾದ ಒಬ್ಬ ಮನುಷ್ಯನಿಗೆ, ಮತ್ತು ಅಲುಗಾಡದ ಒಂದು ಆವೃತ್ತಿಗೆ.

ಕಂಪೈಲರ್ ತಾನೇ ಕುಸಿದರೆ "ಗ್ನ್ಯಾಟ್ ಬಗ್ ಡಿಟೆಕ್ಟೆಡ್" ಎಂಬ ಚೌಕ ಪರದೆಯ ಮೇಲೆ ಬರುತ್ತದೆ. ಪುಕ್ಕಟೆ ಪ್ರತಿಯಲ್ಲಿ ನೀವು ಸಮಸ್ಯೆಯನ್ನು ಸಣ್ಣ ಕಡತಕ್ಕಿಳಿಸಿ ಜಿಸಿಸಿಯ ದೋಷ ದಾಖಲೆ ತಾಣ ಬಗ್‌ಜಿಲ್ಲಾದಲ್ಲಿ ದಾಖಲಿಸಿ ಕಾಯಬೇಕು. ಜಿಸಿಸಿ ಬಿಡುಗಡೆಯ ನಿಯಮಗಳಲ್ಲಿ ಮುಖ್ಯವಾಗಿ ಎಣಿಕೆಗೆ ಬರುವುದು ಸಿ ಮತ್ತು ಸಿ++. ಏಡಾದ ದೋಷಕ್ಕಾಗಿ ಬಿಡುಗಡೆ ತಡೆಯುವುದಿಲ್ಲ. ಸರಿಪಡಿಸುವವರು ಬಹುಪಾಲು ಏಡಾಕೋರ್ ಎಂಜಿನಿಯರುಗಳೇ, ಆ ತಿದ್ದುಪಡಿ ಜಿಸಿಸಿಯ ಮುಖ್ಯ ಶಾಖೆಗೂ ಬರುತ್ತದೆ. ಆದರೆ ನಿಮ್ಮ ಕೈಗೆ ಸಿಗುವುದು ಸಾಮಾನ್ಯವಾಗಿ ಮುಂದಿನ ವರ್ಷದ ದೊಡ್ಡ ಆವೃತ್ತಿಯಲ್ಲಿ, ಅದೂ ಬೇರೆ ನೂರಾರು ಬದಲಾವಣೆಗಳ ಜೊತೆ. ಚಂದಾದಾರನಿಗೆ ಸುತ್ತುಬಳಸಿನ ದಾರಿಯನ್ನಾದರೂ ಬೇಗ ಹೇಳಿಕೊಡುತ್ತಾರೆ.

ವಿಮಾನ, ರೈಲುಗಳಿಗೆ ಕೋಡು ಬರೆಯುವವರಿಗೆ ಎರಡನೆಯದೇ, ಅಂದರೆ ಅಲುಗಾಡದ ಆವೃತ್ತಿಯೇ, ದೊಡ್ಡದು. ವಿಮಾನ ತಂತ್ರಾಂಶದ ಸುರಕ್ಷತೆಯ ಮಾನದಂಡವಾದ ಡಿಒ-178ಸಿ ಪ್ರಮಾಣೀಕರಣಕ್ಕೆ ಹೊರಟ ಯೋಜನೆ ಒಂದು ಕಂಪೈಲರ್ ಆವೃತ್ತಿಗೆ ಅಂಟಿಕೊಂಡು ವರ್ಷಗಟ್ಟಲೆ ಕೂರುತ್ತದೆ. ಆ ಆವೃತ್ತಿಯ ಗೊತ್ತಿರುವ ದೋಷಗಳ ಪಟ್ಟಿ, ಗಂಭೀರವಾದವಕ್ಕೆ ಅದೇ ಶಾಖೆಯಲ್ಲಿ ತಿದ್ದುಪಡಿ, ರನ್‌ಟೈಮ್‌ಗೆ ಪರೀಕ್ಷೆಯ ದಾಖಲೆ ಇವೆಲ್ಲ ಬೇಕು. ಅತಿ ಕಟ್ಟುನಿಟ್ಟಿನ ಎ ಮಟ್ಟದಲ್ಲಂತೂ ಮೂಲದಲ್ಲಿಲ್ಲದ ಯಂತ್ರಕೋಡನ್ನು ಕಂಪೈಲರ್ ಸೇರಿಸಿದ್ದರೆ ಅದನ್ನೂ ಬೇರೆಯಾಗಿ ಪರಿಶೀಲಿಸಿ ತೋರಿಸಬೇಕು. ಜಿಸಿಸಿಯ ಹಳೆಯ ಶಾಖೆಗಳನ್ನು ಕೆಲವು ವರ್ಷಗಳ ನಂತರ ಮುಚ್ಚುತ್ತಾರೆ. ಈ ಕಾಗದಪತ್ರವನ್ನೆಲ್ಲ ಸ್ವಂತ ತಯಾರಿಸುವ ಸಂಬಳದ ಲೆಕ್ಕ ಹಾಕಿದರೆ ಚಂದಾ ಅಗ್ಗವೆನಿಸಬಹುದು.

ನಿಮ್ಮ ಉತ್ಪನ್ನಕ್ಕೆ ಅಂಥ ಪ್ರಮಾಣೀಕರಣ ಬೇಡವಾದರೆ, ಮಾಮೂಲಿ ಲಿನಕ್ಸ್ ಅಥವಾ ವಿಂಡೋಸ್‌ನಲ್ಲಿ ಓಡುವುದಾದರೆ, ಜಿಸಿಸಿಯ ಗ್ನ್ಯಾಟ್ ಧಾರಾಳ ಸಾಕು. ಬಳಸಿದ ಕಂಪೈಲರ್‌ನ ಬೈನರಿ, ಮೂಲ ಕೋಡು ಎರಡನ್ನೂ ಪ್ರತಿ ಬಿಡುಗಡೆಯ ಜೊತೆ ತೆಗೆದಿಡಿ. ಆಪ್ಟ್ ಮುಂದಿನ ಸಲ ಅದೇ ಆವೃತ್ತಿ ಕೊಡದೇ ಹೋಗಬಹುದು. ಪ್ರೊ ಬಗ್ಗೆ ವಿಚಾರಿಸುವುದಾದರೆ ಕಟ್ಟುವ ಯಂತ್ರ, ಓಡುವ ಚಿಪ್ಪು, ಎಷ್ಟು ಡೆವಲಪರ್‌ಗಳು, ಒಂದೇ ಆವೃತ್ತಿ ಎಷ್ಟು ವರ್ಷ ಬೇಕು ಎಂಬ ನಾಲ್ಕನ್ನು ಮೊದಲೇ ಬರೆದುಕೊಂಡು ದರ ಕೇಳಿ.